ಒಂದೇ ಬಿಲೆಟ್, ಎರಡು ಕಂಬಿ: ಓರೆಯಾದ ಮಾರ್ಟೆನ್ಸೈಟ್ ಉಂಗುರದ ಪ್ರಕರಣ

16 ಮಿ.ಮೀ. ಟಿಎಂಟಿ ಕಂಬಿ (ಕಾಂಕ್ರೀಟ್ ಒಳಗೆ ಹಾಕುವ, ನೀರಿನಿಂದ ಗಟ್ಟಿಗೊಳಿಸಿದ ಉಕ್ಕಿನ ಸರಳು), 500 ಗ್ರೇಡ್. ಟೆನ್ಸೈಲ್ ಟೆಸ್ಟ್‌ನಲ್ಲಿ, ಅಂದರೆ ಎಳೆದು ನೋಡುವ ಪರೀಕ್ಷೆಯಲ್ಲಿ, ಪಾಸು. ರಾಸಾಯನಿಕ ಪರೀಕ್ಷೆಯಲ್ಲೂ ಪಾಸು. ಆದರೆ ಬೆಂಡ್ ಟೆಸ್ಟ್‌ನಲ್ಲಿ ಕೆಲವು ತುಂಡುಗಳು ಹೊರಮೈಯಲ್ಲಿ ಬಿರುಕು ಬಿಡುತ್ತಿವೆ. ಎಲ್ಲವೂ ಅಲ್ಲ, ಕೆಲವು ಮಾತ್ರ. ಬಿರುಕು ಶುರುವಾಗುವುದು ಅಡ್ಡ ಏಣಿನ (ಕಂಬಿಯ ಮೈಮೇಲಿನ ಉಬ್ಬುಗೆರೆಯ) ಬುಡದಲ್ಲಿ. ಅದೇ ಕಂಬಿಯ ಇನ್ನೊಂದು ತುಂಡನ್ನು ಬಗ್ಗಿಸಿದರೆ ಏನೂ ಆಗುವುದಿಲ್ಲ. ಕೂಲಿಂಗ್ ಬೆಡ್‌ನಲ್ಲಿ ಕೆಲಸ ಮಾಡುವವರು ಇನ್ನೊಂದು ಮಾತು ಹೇಳುತ್ತಿದ್ದಾರೆ: ಒಂದು ಸಾಲಿನ ಕಂಬಿಗಳು ಆರುವಾಗ ನೆಟ್ಟಗೆ ಇರುತ್ತಿಲ್ಲ, ಎಲ್ಲವೂ ಒಂದೇ ಕಡೆಗೆ ಸ್ವಲ್ಪ ಬಾಗುತ್ತಿವೆ.

ಬಾರ್ ಮಿಲ್‌ಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪರಿಸ್ಥಿತಿ ಇದು. ಹಾಗಾಗಿ ಇಂಥದ್ದೇ ಮಿಲ್ ಎಂದು ಹೆಸರು ಹೇಳುವ ಅಗತ್ಯವಿಲ್ಲ. ಅಳತೆಗಳನ್ನು ಲೆಕ್ಕಕ್ಕೆ ಸುಲಭವಾಗುವ ಹಾಗೆ ಇಟ್ಟುಕೊಂಡಿದ್ದೇನೆ. ನನ್ನ ಆಸಕ್ತಿ ಒಂದೇ ಪ್ರಶ್ನೆಯಲ್ಲಿ: ಎಲ್ಲ ಮೀಟರ್‌ಗಳೂ ಸರಿ ಎನ್ನುತ್ತಿರುವಾಗ ಉಕ್ಕು ಯಾಕೆ ಒಡೆಯುತ್ತಿದೆ?

ನೀರಿನೊಳಗಿನ ಮುಕ್ಕಾಲು ಸೆಕೆಂಡು

ಮೊದಲು ಈ ಕಂಬಿ ಹುಟ್ಟುವ ಬಗೆಯನ್ನು ನೋಡೋಣ. ಕೊನೆಯ ರೋಲಿಂಗ್ ಸ್ಟ್ಯಾಂಡ್‌ನಿಂದ (ಉಕ್ಕನ್ನು ಒತ್ತಿ ರೂಪ ಕೊಡುವ ರೋಲ್‌ಗಳ ಜೋಡಿಯಿಂದ) ಹೊರಬರುವಾಗ ಕಂಬಿಯ ಬಿಸಿ ಸುಮಾರು 1000 ಡಿಗ್ರಿ. ಆ ಬಿಸಿಯಲ್ಲಿ ಉಕ್ಕು ಪೂರ್ತಿ ಆಸ್ಟೆನೈಟ್ ರೂಪದಲ್ಲಿ ಇರುತ್ತದೆ. ಆಸ್ಟೆನೈಟ್‌ನ ಹರಳುಗಳಲ್ಲಿ ಕಾರ್ಬನ್‌ಗೆ ಬೇಕಾದಷ್ಟು ಜಾಗವಿದೆ. ಈ ಕಂಬಿಯಲ್ಲಿರುವ ಶೇಕಡಾ 0.2ರಷ್ಟು ಕಾರ್ಬನ್ ಅದರಲ್ಲಿ ಸಲೀಸಾಗಿ ಕರಗಿ ಕೂತಿರುತ್ತದೆ.

ಉಕ್ಕು ತಣ್ಣಗಾದರೆ ಫೆರೈಟ್ ಆಗಬೇಕು. ಫೆರೈಟ್‌ನಲ್ಲಿ ಕಾರ್ಬನ್‌ಗೆ ಜಾಗವೇ ಇಲ್ಲ ಎನ್ನಬಹುದು. ಹೆಚ್ಚೆಂದರೆ ಶೇಕಡಾ 0.02ರಷ್ಟು ಹಿಡಿಸುತ್ತದೆ, ಅದೂ 727 ಡಿಗ್ರಿಯ ಹತ್ತಿರ. ಉಳಿದ ಕಾರ್ಬನ್ ಎಲ್ಲಿಗೆ ಹೋಗಬೇಕು? ಇದಕ್ಕೆ ಉತ್ತರ ಕೊಡುವುದು ತಂಪಾಗುವ ವೇಗ. ಸಮಯ ಸಿಕ್ಕರೆ ಕಾರ್ಬನ್ ನಿಧಾನವಾಗಿ ಸರಿದು, ಕಬ್ಬಿಣದ ಜೊತೆ ಸೇರಿ ಸಿಮೆಂಟೈಟ್ ಆಗುತ್ತದೆ. ಫೆರೈಟ್ ಮತ್ತು ಸಿಮೆಂಟೈಟ್ ಪದರ ಪದರವಾಗಿ ಬೆಳೆದು ಪರ್ಲೈಟ್ ಆಗುತ್ತದೆ. ಸಮಯ ಕಮ್ಮಿಯಾದರೆ ಪದರಗಳು ತೆಳುವಾಗುತ್ತವೆ. ಇನ್ನೂ ಕಮ್ಮಿಯಾದರೆ ಬೈನೈಟ್. ಸಮಯವೇ ಸಿಗದಿದ್ದರೆ ಕಾರ್ಬನ್ ಸರಿಯಲಾಗದೆ ಇದ್ದಲ್ಲೇ ಸಿಕ್ಕಿಬೀಳುತ್ತದೆ. ಹರಳು ಅದನ್ನು ನುಂಗಿಕೊಂಡೇ ರೂಪ ಬದಲಿಸುತ್ತದೆ, ಎಳೆದು ಸೊಟ್ಟಗಾಗುತ್ತದೆ. ಅದೇ ಮಾರ್ಟೆನ್ಸೈಟ್. ತುಂಬಾ ಗಟ್ಟಿ, ಆದರೆ ಹಾಗೇ ಬಿಟ್ಟರೆ ಬಿರುಸು, ಬಗ್ಗದೆ ಒಡೆಯುತ್ತದೆ.

ನನಗೆ ಉಕ್ಕಿನ ಬಗ್ಗೆ ಮುಗಿಯದ ಬೆರಗು ಇರುವುದು ಇಲ್ಲೇ. ಅದೇ ಕಬ್ಬಿಣ, ಅದೇ ಕಾರ್ಬನ್. ಒಂದು ಗ್ರಾಂ ಏನನ್ನೂ ಹೊಸದಾಗಿ ಸೇರಿಸಿಲ್ಲ. ತಂಪಾಗುವ ವೇಗ ಮಾತ್ರ ಬೇರೆ, ಹುಟ್ಟುವ ಲೋಹವೇ ಬೇರೆ.

ಟಿಎಂಟಿ ಕಂಬಿಯಲ್ಲಿ ಈ ಗುಣವನ್ನು ಒಂದೇ ಅಡ್ಡಕೊಯ್ತದ ಒಳಗೆ ಬಳಸಿಕೊಳ್ಳುತ್ತಾರೆ. ಕಂಬಿ ಸ್ಟ್ಯಾಂಡ್‌ನಿಂದ ನೇರವಾಗಿ ವಾಟರ್ ಬಾಕ್ಸ್‌ನ ಪೈಪುಗಳೊಳಗೆ ನುಗ್ಗುತ್ತದೆ. ವೇಗ ಸೆಕೆಂಡಿಗೆ 12 ಮೀಟರ್, ನೀರಿನ ಉದ್ದ 9 ಮೀಟರ್ ಎಂದುಕೊಂಡರೆ ಒಳಗಿರುವುದು ಮುಕ್ಕಾಲು ಸೆಕೆಂಡು ಅಷ್ಟೇ. ಅಷ್ಟರಲ್ಲಿ ಹೊರಮೈ ಮಾರ್ಟೆನ್ಸೈಟ್ ಶುರುವಾಗುವ ಬಿಸಿಗಿಂತ ಕೆಳಗೆ ಇಳಿಯುತ್ತದೆ. ಶೇಕಡಾ 0.2 ಕಾರ್ಬನ್, 0.8 ಮ್ಯಾಂಗನೀಸ್ ಇರುವ ಉಕ್ಕಿಗೆ ಆ ಬಿಸಿ ಸುಮಾರು 430 ಡಿಗ್ರಿ. ತಿರುಳು ಮಾತ್ರ ಇನ್ನೂ ಕೆಂಪಗೆ ಸುಡುತ್ತಿರುತ್ತದೆ. ಕಂಬಿ ನೀರಿನಿಂದ ಹೊರಬಿದ್ದ ಕೂಡಲೇ ತಿರುಳಿನ ಬಿಸಿ ಹೊರಕ್ಕೆ ಹರಿಯುತ್ತದೆ. ಕಪ್ಪಾಗಿದ್ದ ಮೈ ಒಂದೆರಡು ಸೆಕೆಂಡಿನಲ್ಲಿ ಮತ್ತೆ ಕೆಂಪೇರುತ್ತದೆ, ಸುಮಾರು 600ರಿಂದ 650 ಡಿಗ್ರಿಗೆ. ಇದರಿಂದ ಮಾರ್ಟೆನ್ಸೈಟ್ ಹದಗೊಳ್ಳುತ್ತದೆ. ಸಿಕ್ಕಿಬಿದ್ದ ಕಾರ್ಬನ್ ಸಣ್ಣ ಸಣ್ಣ ಕಾರ್ಬೈಡ್ ಕಣಗಳಾಗಿ ಹೊರಬಂದು ಬಿರುಸು ಇಳಿಯುತ್ತದೆ. ಹೊರಗಿನಿಂದ ಕುಲುಮೆ ಬೇಕಿಲ್ಲ, ಕಂಬಿ ತನ್ನ ಒಳಗಿನ ಬಿಸಿಯಿಂದಲೇ ಟೆಂಪರ್ ಆಗುತ್ತದೆ. ಆಮೇಲೆ ಕೂಲಿಂಗ್ ಬೆಡ್ ಮೇಲೆ ತಿರುಳು ಆರಾಮಾಗಿ ಫೆರೈಟ್ ಮತ್ತು ಪರ್ಲೈಟ್ ಆಗುತ್ತದೆ.

ಈ ವಿಧಾನವನ್ನು 1970ರ ದಶಕದಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿರುವ ಸಿಆರ್‌ಎಂ ಸಂಶೋಧನಾ ಕೇಂದ್ರ ಟೆಂಪ್‌ಕೋರ್ ಎಂಬ ಹೆಸರಿನಲ್ಲಿ ಬೆಳೆಸಿತು. ಅದಕ್ಕೂ ಮೊದಲು ಕಂಬಿಗೆ ಶಕ್ತಿ ಬೇಕೆಂದರೆ ಕಾರ್ಬನ್ ಜಾಸ್ತಿ ಮಾಡಬೇಕಿತ್ತು, ದುಬಾರಿ ಮಿಶ್ರಲೋಹ ಸೇರಿಸಬೇಕಿತ್ತು, ಇಲ್ಲವೇ ತಣ್ಣಗಾದ ಮೇಲೆ ತಿರುಚಬೇಕಿತ್ತು. ಕಾರ್ಬನ್ ಜಾಸ್ತಿಯಾದರೆ ವೆಲ್ಡಿಂಗ್ ಕಷ್ಟ. ತಿರುಚಿದರೆ ಹಿಗ್ಗುವ ಗುಣ ಕಮ್ಮಿಯಾಗುತ್ತದೆ. ನೀರು ಈ ಇಕ್ಕಟ್ಟನ್ನು ಬಿಡಿಸಿತು. ಗಟ್ಟಿ ಹೊರಪದರ ಶಕ್ತಿ ಕೊಡುತ್ತದೆ, ಮೆತ್ತಗಿನ ತಿರುಳು ಬಾಗುವ ಗುಣ ಕೊಡುತ್ತದೆ.

ಮೂರು ಅನುಮಾನ

ಬೆಂಡ್ ಟೆಸ್ಟ್‌ನಲ್ಲಿ ಬಿರುಕು ಕಂಡರೆ ಎಲ್ಲರ ಬೆರಳೂ ಮೊದಲು ತೋರಿಸುವುದು ಕಾರ್ಬನ್ ಕಡೆಗೆ. ಬಿಲೆಟ್ (ಕಂಬಿ ಮಾಡಲು ಬಳಸುವ ಉಕ್ಕಿನ ದಿಂಡು) ಸರಿಯಿಲ್ಲ, ರಂಜಕ ಗಂಧಕ ಜಾಸ್ತಿ ಇರಬೇಕು ಎನ್ನುವ ಮಾತು ಬರುತ್ತದೆ. ಇಲ್ಲಿ ಆ ಅನುಮಾನ ಬೇಗನೆ ಬಿದ್ದುಹೋಯಿತು. ಕಾರಣ, ಈ ಮಿಲ್ 16 ಮಿ.ಮೀ. ಕಂಬಿಯನ್ನು ಸ್ಲಿಟ್ ರೋಲಿಂಗ್‌ನಲ್ಲಿ ಮಾಡುತ್ತದೆ. ಅಂದರೆ ಒಂದೇ ಬಿಲೆಟ್ ಕೊನೆಯ ಸ್ಟ್ಯಾಂಡ್‌ಗಳ ಹತ್ತಿರ ಬಂದಾಗ ಅದನ್ನು ಉದ್ದಕ್ಕೆ ಸೀಳಿ ಎರಡು ಎಳೆ ಮಾಡುತ್ತಾರೆ. ಎರಡೂ ಅಕ್ಕಪಕ್ಕದಲ್ಲೇ ಓಡಿ, ಬೇರೆ ಬೇರೆ ನೀರಿನ ಸಾಲಿನೊಳಗೆ ಹೋಗುತ್ತವೆ. ಒಂದನ್ನು ಎ ಸಾಲು ಎನ್ನೋಣ, ಇನ್ನೊಂದನ್ನು ಬಿ ಸಾಲು. ಬಿರುಕು ಬಿಟ್ಟ ತುಂಡುಗಳೆಲ್ಲ ಬಿ ಸಾಲಿನವು. ಬಾಗುತ್ತಿದ್ದ ಕಂಬಿಗಳೂ ಅದೇ ಸಾಲಿನವು. ಒಂದೇ ಬಿಲೆಟ್‌ನ ಒಂದು ಅರ್ಧ ಒಳ್ಳೆಯದು, ಇನ್ನೊಂದು ಅರ್ಧ ಕೆಟ್ಟದ್ದು ಎಂದಾದರೆ ತಪ್ಪು ಬಿಲೆಟ್‌ನದ್ದಲ್ಲ. ಇಷ್ಟು ಚೊಕ್ಕವಾದ ಹೋಲಿಕೆ ಪ್ರಯೋಗಾಲಯದಲ್ಲೂ ಸುಲಭಕ್ಕೆ ಸಿಗುವುದಿಲ್ಲ, ಅಲ್ವಾ?

ಎರಡನೆಯ ಅನುಮಾನ ರೋಲಿಂಗ್ ಮುಗಿಯುವ ಬಿಸಿ. ಅದೂ ಎರಡೂ ಎಳೆಗೆ ಒಂದೇ.

ಮೂರನೆಯದು ನೀರು. ಬಿ ಸಾಲಿಗೆ ನೀರು ಜಾಸ್ತಿ ಹೋಗುತ್ತಿದೆಯೇ? ಫ್ಲೋ ಮೀಟರ್ ನೋಡಿದರೆ ಎರಡೂ ಸಾಲಿಗೆ ಒಂದೇ ಲೆಕ್ಕ. ಕೂಲಿಂಗ್ ಬೆಡ್‌ನ ಬಾಯಲ್ಲಿರುವ, ದೂರದಿಂದಲೇ ಬಿಸಿ ಅಳೆಯುವ ಪೈರೋಮೀಟರ್ ಕೂಡ ಎರಡೂ ಕಂಬಿಗೆ ಹೆಚ್ಚುಕಮ್ಮಿ ಒಂದೇ ಬಿಸಿ ತೋರಿಸುತ್ತಿದೆ. ಟೆನ್ಸೈಲ್ ಟೆಸ್ಟ್‌ನ ಯೀಲ್ಡ್ (ಎಳೆದಾಗ ಕಂಬಿ ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗಲು ಶುರುವಾಗುವ ಒತ್ತಡ) ಕೂಡ ಎರಡರಲ್ಲೂ ಹತ್ತಿರ ಹತ್ತಿರವೇ ಇದೆ. ಇಲ್ಲಿಗೆ ಸಾಮಾನ್ಯವಾಗಿ ತನಿಖೆ ನಿಂತುಹೋಗುತ್ತದೆ. ಬೆಂಡ್ ಟೆಸ್ಟ್ ಮಾಡಿದವನ ಮೇಲೆ ಅನುಮಾನ ತಿರುಗುತ್ತದೆ.

ಕೊಯ್ದು ನೋಡಿದಾಗ

ಬಿ ಸಾಲಿನ ಕಂಬಿಯಿಂದ ಒಂದು ಬಿಲ್ಲೆ ಕತ್ತರಿಸಬೇಕು. ಗ್ಯಾಸ್ ಕಟಿಂಗ್ ಬೇಡ. ಆ ಬಿಸಿ ನಾವು ನೋಡಬೇಕಾದ ರಚನೆಯನ್ನೇ ಅಳಿಸಿಬಿಡುತ್ತದೆ. ಅಬ್ರೇಸಿವ್ ಕಟರ್‌ನಲ್ಲಿ, ಕೂಲಂಟ್ ಹರಿಸುತ್ತಾ, ಅವಸರ ಮಾಡದೆ ಕೊಯ್ಯಬೇಕು. ಕೊಯ್ಯುವ ಮೊದಲು ಕಂಬಿಯ ಯಾವ ಮಗ್ಗುಲಲ್ಲಿ ಬ್ರ್ಯಾಂಡ್ ಗುರುತು ಇದೆಯೋ ಅಲ್ಲಿ ಬಿಲ್ಲೆಯ ಮೇಲೆ ಒಂದು ಗೆರೆ ಎಳೆದುಕೊಳ್ಳಬೇಕು. ಈ ಪ್ರಕರಣ ಬಿಡಿಸಿಕೊಂಡದ್ದು ಆ ಒಂದು ಗೆರೆಯಿಂದ.

ಆಮೇಲೆ ಒರಟು ಕಾಗದದಿಂದ ನಯ ಕಾಗದದವರೆಗೆ ಉಜ್ಜುವುದು. ಪ್ರತಿ ಸಲ ಕಾಗದ ಬದಲಿಸಿದಾಗ ಬಿಲ್ಲೆಯನ್ನು 90 ಡಿಗ್ರಿ ತಿರುಗಿಸಿದರೆ ಹಿಂದಿನ ಗೀರು ಹೋಗಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಕೊನೆಗೆ ನೈಟಾಲ್. ಅಂದರೆ ಆಲ್ಕೋಹಾಲ್‌ನಲ್ಲಿ ಬೆರೆಸಿದ ಕೆಲವೇ ಶೇಕಡಾ ನೈಟ್ರಿಕ್ ಆಸಿಡ್. ಇದನ್ನು ಗಟ್ಟಿಯಾಗಿ ಮುಚ್ಚಿದ ಬಾಟಲಿಯಲ್ಲಿ ಇಟ್ಟುಕೊಳ್ಳಬಾರದು, ಆಸಿಡ್ ಪ್ರಮಾಣವನ್ನೂ ಸುಮ್ನೆ ಜಾಸ್ತಿ ಮಾಡಬಾರದು, ಅಪಾಯ. ಬಿಲ್ಲೆಯನ್ನು ಕೆಲವು ಸೆಕೆಂಡು ಅದ್ದಿ, ಆಲ್ಕೋಹಾಲ್‌ನಲ್ಲಿ ತೊಳೆದು, ಒಣಗಿಸಿದರೆ ಸಾಕು. ಬರಿಗಣ್ಣಿಗೇ ಕಾಣುತ್ತದೆ: ಅಂಚಿನಲ್ಲಿ ಗಾಢ ಬೂದು ಬಣ್ಣದ ಉಂಗುರ, ನಡುವೆ ತಿಳಿ ಬಣ್ಣದ ತಿರುಳು.

ಎ ಸಾಲಿನ ಬಿಲ್ಲೆಯಲ್ಲಿ ಉಂಗುರ ಸುತ್ತಲೂ ಒಂದೇ ದಪ್ಪ, ಸುಮಾರು 1.2 ಮಿ.ಮೀ. ಬಿ ಸಾಲಿನ ಬಿಲ್ಲೆಯಲ್ಲಿ ಉಂಗುರ ಬಿದಿಗೆ ಚಂದ್ರನ ಹಾಗೆ, ಒಂದು ಕಡೆ ದಪ್ಪ, ಎದುರು ಕಡೆ ಬರೀ ಗೆರೆ. ಬಿಲ್ಲೆಯನ್ನು ಗಡಿಯಾರದ ಮುಖ ಎಂದುಕೊಂಡು, ಬ್ರ್ಯಾಂಡ್ ಗುರುತನ್ನು 12ರಲ್ಲಿ ಇಟ್ಟು ಅಳೆದರೆ 12ರಲ್ಲಿ 1.9 ಮಿ.ಮೀ., 6ರಲ್ಲಿ 0.5 ಮಿ.ಮೀ. ಇನ್ನು 3 ಮತ್ತು 9ರಲ್ಲಿ 1.24.

ಮೈಕ್ರೋಸ್ಕೋಪ್ ಕೆಳಗೆ ಇಟ್ಟಾಗ ಈ ಗಡಿಗಳು ಇನ್ನೂ ಸ್ಪಷ್ಟ. ಅಂಚಿನಲ್ಲಿ ತೆಳು ಪಟ್ಟಿಗಳ ಕಟ್ಟುಗಳು, ಒಂದೊಂದು ಕಟ್ಟು ಒಂದೊಂದು ದಿಕ್ಕಿಗೆ. ಅದು ಹದಗೊಂಡ ಮಾರ್ಟೆನ್ಸೈಟ್. ಒಳಕ್ಕೆ ಹೋದಂತೆ ಬೈನೈಟ್ ಬೆರೆತ ಒಂದು ಕಿರಿದಾದ ವಲಯ. ಅದನ್ನು ದಾಟಿದರೆ ಬಿಳಿ ಫೆರೈಟ್ ಹರಳುಗಳು, ನಡುನಡುವೆ ಕಪ್ಪು ಪರ್ಲೈಟ್ ತೇಪೆಗಳು. ವಿಕರ್ಸ್ ಗಡಸುತನವನ್ನು ಅಂಚಿನಿಂದ ನಡುವಿನವರೆಗೆ ಹೆಜ್ಜೆ ಹೆಜ್ಜೆಗೆ ಅಳೆದರೆ ಇದೇ ಕತೆ ಅಂಕಿಗಳಲ್ಲಿ ಸಿಗುತ್ತದೆ. ಅಂಚಿನಲ್ಲಿ ಜಾಸ್ತಿ, ತಿರುಳಿನಲ್ಲಿ ಕಮ್ಮಿ. ದಪ್ಪ ಮಗ್ಗುಲಿನ ಅಂಚು ತೆಳು ಮಗ್ಗುಲಿನ ಅಂಚಿಗಿಂತ ಗಟ್ಟಿ. ಅದಕ್ಕೂ ಕಾರಣವಿದೆ. ಆ ಮಗ್ಗುಲು ಹೆಚ್ಚು ತಂಪಾಗಿತ್ತು. ತಿರುಳಿನ ಬಿಸಿ ಅಷ್ಟು ದಪ್ಪದ ತಣ್ಣನೆಯ ಪದರ ದಾಟಿ ಮೈಗೆ ಬರುವುದು ತಡ, ಬಂದಾಗಲೂ ಸ್ವಲ್ಪ ಕಮ್ಮಿ. ಹಾಗಾಗಿ ಟೆಂಪರ್ ಸಾಕಷ್ಟು ಆಗಿಲ್ಲ.

ಬೆಂಡ್ ಟೆಸ್ಟ್‌ನ ಒಗಟು ಇಲ್ಲಿಗೆ ಬಿಡಿಸಿಕೊಂಡಿತು. ಕಂಬಿ ಬಗ್ಗಿಸುವಾಗ ಹೊರಮೈ ಹಿಗ್ಗುತ್ತದೆ. ಬ್ರ್ಯಾಂಡ್ ಗುರುತಿರುವ ಮಗ್ಗುಲು ಹೊರಗೆ ಬಂದರೆ, ಹಿಗ್ಗಬೇಕಾದ್ದು ಸರಿಯಾಗಿ ಹದಗೊಳ್ಳದ ಆ ದಪ್ಪ ಮಾರ್ಟೆನ್ಸೈಟ್. ಏಣಿನ ಬುಡದಲ್ಲಿ ಒತ್ತಡ ಬೇರೆ ಒಟ್ಟಾಗುತ್ತದೆ. ಬಿರುಕು ಅಲ್ಲೇ ಶುರು. ಅದೇ ಮಗ್ಗುಲು ಒಳಗೆ ಬಂದರೆ ಅದು ಅದುಮಿಕೊಳ್ಳುತ್ತದೆ, ಒಡೆಯುವುದಿಲ್ಲ. ಟೆಸ್ಟ್ ಮಾಡುವವರು ಮಗ್ಗುಲು ನೋಡಿ ತುಂಡು ಇಡುವುದಿಲ್ಲ, ಕೈಗೆ ಬಂದ ಹಾಗೆ ಇಡುತ್ತಾರೆ. ಆದ್ದರಿಂದ ಕೆಲವು ಪಾಸು, ಕೆಲವು ಫೇಲು. ಟೆಸ್ಟ್ ಮಾಡಿದವನ ತಪ್ಪು ಏನೂ ಇಲ್ಲ.

ಸರಾಸರಿಗೆ ಕಾಣದ್ದು

ಟೆನ್ಸೈಲ್ ಟೆಸ್ಟ್ ಯಾಕೆ ಇದನ್ನು ಹಿಡಿಯಲಿಲ್ಲ? ಒಂದು ಸಣ್ಣ ಲೆಕ್ಕ ಹಾಕೋಣ. ಎ ಸಾಲಿನ ಕಂಬಿಯಲ್ಲಿ ಉಂಗುರ 1.2 ಮಿ.ಮೀ. ದಪ್ಪ. ಅಂದರೆ ತಿರುಳಿನ ವ್ಯಾಸ 13.6 ಮಿ.ಮೀ. ಇಡೀ ಕೊಯ್ತದಲ್ಲಿ ಉಂಗುರದ ಪಾಲು ಸುಮಾರು ಶೇಕಡಾ 28. ಈಗ ಅದೇ 13.6 ಮಿ.ಮೀ. ತಿರುಳನ್ನು ನಡುವಿನಿಂದ 0.7 ಮಿ.ಮೀ. ಕೆಳಕ್ಕೆ ಸರಿಸಿ. ಮೇಲೆ ಉಂಗುರ 1.9 ಆಯಿತು, ಕೆಳಗೆ 0.5 ಆಯಿತು. ಬಿ ಸಾಲಿನ ಬಿಲ್ಲೆಯ ಅಳತೆ ಇದೇ. ಆದರೆ ತಿರುಳಿನ ವಿಸ್ತೀರ್ಣ ಬದಲಾಗಲಿಲ್ಲ, ಉಂಗುರದ ಪಾಲು ಈಗಲೂ ಶೇಕಡಾ 28!

ನೆಟ್ಟಗೆ ಎಳೆದಾಗ ಕಂಬಿಯ ಶಕ್ತಿ ಸುಮಾರಾಗಿ ಗಟ್ಟಿ ಭಾಗ ಎಷ್ಟು, ಮೆತ್ತಗಿನ ಭಾಗ ಎಷ್ಟು ಎನ್ನುವುದರ ಮೇಲೆ ನಿಂತಿದೆ. ಅವು ಎಲ್ಲಿವೆ ಎಂದು ಎಳೆತ ಅಷ್ಟಾಗಿ ಕೇಳುವುದಿಲ್ಲ. ಬಗ್ಗಿಸುವಾಗ ಮಾತ್ರ ಎಲ್ಲಿವೆ ಎನ್ನುವುದೇ ಮುಖ್ಯ.

ಪೈರೋಮೀಟರ್ ಕತೆಯೂ ಇದೇ. ಕಂಬಿ ಕೂಲಿಂಗ್ ಬೆಡ್‌ಗೆ ಬರುವ ಹೊತ್ತಿಗೆ ಒಳಗಿನ ಬಿಸಿ ಹೆಚ್ಚುಕಮ್ಮಿ ಎಲ್ಲ ಕಡೆಗೂ ಹರಡಿ ಸಮವಾಗಿರುತ್ತದೆ. ಆ ಅಂಕಿ ಹೇಳುವುದು ನೀರು ಒಟ್ಟು ಎಷ್ಟು ಬಿಸಿ ಕಿತ್ತುಕೊಂಡಿತು ಎಂದು. ಯಾವ ಮಗ್ಗುಲಿನಿಂದ ಎಷ್ಟು ಎಂದಲ್ಲ. ಫ್ಲೋ ಮೀಟರ್ ಕೂಡ ಒಟ್ಟು ನೀರಿನ ಲೆಕ್ಕ ಕೊಡುತ್ತದೆ ಅಷ್ಟೆ. ಮೂರೂ ಸಾಧನಗಳು ನಿಜವನ್ನೇ ಹೇಳುತ್ತಿದ್ದವು, ಆದರೆ ಮೂರೂ ಸರಾಸರಿಯನ್ನು ಹೇಳುತ್ತಿದ್ದವು. ರಚನೆ ಹುಟ್ಟುವುದು ಸರಾಸರಿಯಲ್ಲಿ ಅಲ್ಲ. ಪ್ರತಿ ಜಾಗದಲ್ಲಿ ಆ ಮುಕ್ಕಾಲು ಸೆಕೆಂಡು ಏನಾಯಿತೋ ಅದರ ಮೇಲೆ. ಉಂಗುರವನ್ನು 3 ಮತ್ತು 9ರಲ್ಲಿ ಮಾತ್ರ ಅಳೆದಿದ್ದರೂ 1.24 ಸಿಗುತ್ತಿತ್ತು, ಎಲ್ಲವೂ ಚೆನ್ನಾಗಿದೆ ಎಂದು ಬರೆದಿಡಬಹುದಿತ್ತು. ನಾಲ್ಕೂ ಕಡೆ ಅಳೆದು ಸರಾಸರಿ ತೆಗೆದಿದ್ದರೂ 1.22. ಅಲ್ಲೂ ಸಿಕ್ಕಿಬೀಳುವುದಿಲ್ಲ. ವರದಿಯಲ್ಲಿ ಸರಾಸರಿ ದಪ್ಪವನ್ನು ಮಾತ್ರ ಬರೆಯುವ ಪದ್ಧತಿಯನ್ನು ನಾನು ಒಪ್ಪದಿರುವುದು ಇದಕ್ಕೇ.

ನೀರು ಎಲ್ಲಿ ತಪ್ಪಿತು

ಈಗ ಬ್ರ್ಯಾಂಡ್ ಗುರುತಿನ ಗೆರೆಗೆ ಬರೋಣ. ಬಿ ಸಾಲಿನ ಬೇರೆ ಬೇರೆ ಕಂಬಿಗಳಿಂದ ಬಿಲ್ಲೆ ತೆಗೆದು ನೋಡಿದರೂ ದಪ್ಪ ಮಗ್ಗುಲು ಯಾವಾಗಲೂ ಗುರುತಿನ ಕಡೆಗೇ ಇತ್ತು. ಗುರುತು ಕೊರೆದಿರುವುದು ಕೊನೆಯ ಸ್ಟ್ಯಾಂಡ್‌ನ ಮೇಲಿನ ರೋಲ್‌ನಲ್ಲಿ. ಅಂದರೆ ಕಂಬಿ ನೀರಿಗೆ ಹೋಗುವಾಗ ಗುರುತು ಮೇಲ್ಮುಖ. ದೋಷದ ದಿಕ್ಕು ಕಂಬಿಯಿಂದ ಕಂಬಿಗೆ ಬದಲಾಗುತ್ತಿದ್ದರೆ ನೀರಿನ ಒತ್ತಡ ಏರಿಳಿಯುತ್ತಿದೆ, ಕಂಬಿ ಕುಣಿಯುತ್ತಿದೆ ಎಂದು ಹುಡುಕಬೇಕಿತ್ತು. ದಿಕ್ಕು ಬದಲಾಗದೆ ಇದೆ ಎಂದರೆ ಕಾರಣವೂ ಒಂದೇ ಕಡೆ ಕೂತಿದೆ. ಕಂಬಿಯ ಕೆಳಗೆ ನೀರು ಸರಿಯಾಗಿ ತಾಗುತ್ತಿಲ್ಲ.

ಬಿ ಸಾಲನ್ನು ಬಿಚ್ಚಿದಾಗ ಎರಡು ವಿಷಯ ಒಟ್ಟಿಗೆ ಸಿಕ್ಕವು. ಒಂದು, ನಾಝಲ್‌ನ ಉಂಗುರದಂಥ ಸಂದಿಯಲ್ಲಿ, ಕೆಳಭಾಗದಲ್ಲಿ, ಸ್ಕೇಲ್ ಕಚ್ಚಿಕೊಂಡಿತ್ತು. ಕಂಬಿಯ ಮೈಯಿಂದ ಉದುರುವ ಆಕ್ಸೈಡ್ ಚೂರುಗಳು ನೀರಿನ ಜೊತೆ ಸುತ್ತಿ ಬಂದು, ಸ್ಟ್ರೈನರ್ ದಾಟಿ, ಆ ಸಂದಿಯಲ್ಲಿ ಕೂತಿದ್ದವು. ಎರಡು, ಒಳಪೈಪಿನ ತಳ ಸವೆದಿತ್ತು. ಕಂಬಿ ನಡುವಿನಲ್ಲಿ ಹೋಗದೆ ತಳಕ್ಕೆ ತಾಗಿಕೊಂಡು ಹೋಗುತ್ತಿತ್ತು.

ಹೀಗಾದಾಗ ಕಂಬಿಯ ಕೆಳಗೆ ಏನಾಗುತ್ತದೆ? ಬಿಸಿ ಉಕ್ಕಿಗೆ ನೀರು ತಾಗಿದ ಕೂಡಲೇ ಹಬೆಯ ಪೊರೆ ಹುಟ್ಟುತ್ತದೆ. ಆ ಪೊರೆ ಇರುವವರೆಗೆ ನೀರು ಲೋಹವನ್ನು ಮುಟ್ಟುವುದೇ ಇಲ್ಲ, ಬಿಸಿ ಹೋಗುವುದು ನಿಧಾನ. ಪೊರೆಯನ್ನು ಹರಿದುಹಾಕಲು ರಭಸದ ನೀರು ಬೇಕು. ಕಂಬಿಯ ಮೇಲ್ಭಾಗಕ್ಕೆ ಆ ರಭಸ ಸಿಗುತ್ತಿತ್ತು. ಕೆಳಗೆ ಸಂದಿ ಕಿರಿದು, ನಾಝಲ್ ಮುಚ್ಚಿದೆ, ಹಬೆ ಹಾಗೇ ನಿಲ್ಲುತ್ತಿತ್ತು. ಅದರ ಮೇಲೆ ವಾಲ್ವ್‌ನ ನಿಯಂತ್ರಣ ಬೇರೆ. ಅದಕ್ಕೆ ಕೊಟ್ಟಿರುವ ಕೆಲಸ ಒಟ್ಟು ಹರಿವನ್ನು ಬದಲಾಗದಂತೆ ನೋಡಿಕೊಳ್ಳುವುದು. ಕೆಳಗೆ ದಾರಿ ಮುಚ್ಚಿದರೆ ಅದು ಒತ್ತಡ ಏರಿಸಿ ಅಷ್ಟೂ ನೀರನ್ನು ತೆರೆದಿರುವ ದಾರಿಯಲ್ಲೇ ನುಗ್ಗಿಸುತ್ತದೆ. ಹಾಗಾಗಿ ಮೇಲ್ಭಾಗಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ನೀರು ಬಿತ್ತು. ಒತ್ತಡದ ಏರಿಕೆ ಗೇಜ್‌ನಲ್ಲಿ ಕಾಣಬೇಕಿತ್ತು, ನಿಜ. ಒಂದೇ ಸಾಲಿನಲ್ಲಿ ಹಲವು ನಾಝಲ್‌ಗಳಿದ್ದು ಒಂದು ಮಾತ್ರ ಅರ್ಧ ಮುಚ್ಚಿದರೆ ಆ ಏರಿಕೆ ತೀರಾ ಸಣ್ಣದು, ಯಾರ ಕಣ್ಣಿಗೂ ಬೀಳುವುದಿಲ್ಲ.

ಕಂಬಿ ಬಾಗುತ್ತಿದ್ದದ್ದೂ ಇದರಿಂದಲೇ. ಎರಡು ಮಗ್ಗುಲು ಬೇರೆ ಬೇರೆ ಹೊತ್ತಿಗೆ ಕುಗ್ಗುತ್ತವೆ. ಮಾರ್ಟೆನ್ಸೈಟ್ ಆಗುವಾಗ ಲೋಹ ಹಿಗ್ಗುತ್ತದೆ, ಅದೂ ಎರಡು ಕಡೆ ಸಮನಾಗಿಲ್ಲ. ನೆಟ್ಟಗೆ ಇರಲು ಸಾಧ್ಯವಿಲ್ಲ. ಕೂಲಿಂಗ್ ಬೆಡ್‌ನವರ ಮಾತನ್ನು ಮೊದಲ ದಿನವೇ ಬರೆದುಕೊಂಡಿದ್ದರೆ ದಾರಿ ಇನ್ನೂ ಹತ್ತಿರವಾಗುತ್ತಿತ್ತು.

ಮಾಡಬಾರದ ರಿಪೇರಿ

ಇಂಥ ಹೊತ್ತಿನಲ್ಲಿ ಒಂದು ಸುಲಭದ ಸಲಹೆ ಬರುತ್ತದೆ: ಬಿ ಸಾಲಿನ ನೀರು ಕಮ್ಮಿ ಮಾಡಿ, ಉಂಗುರ ತೆಳುವಾಗುತ್ತದೆ, ಬಿರುಕು ನಿಲ್ಲುತ್ತದೆ. ಕೇಳಲು ಸರಿ ಎನಿಸುತ್ತದೆ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. ಸರಾಸರಿ ದಪ್ಪ 0.9 ಮಿ.ಮೀ.ಗೆ ಇಳಿಯಿತು, ತಿರುಳು ಮಾತ್ರ ಅದೇ 0.7 ಮಿ.ಮೀ. ಸರಿದೇ ಇದೆ ಎಂದುಕೊಳ್ಳಿ. ಮೇಲೆ ಇನ್ನೂ 1.6, ಕೆಳಗೆ 0.2. ಉಂಗುರದ ಪಾಲು ಶೇಕಡಾ 28ರಿಂದ 21ಕ್ಕೆ ಬಿತ್ತು. ಅಂದರೆ ಯೀಲ್ಡ್ ಕೂಡ ಬೀಳುತ್ತದೆ, ದಪ್ಪ ಮಗ್ಗುಲು ಎ ಸಾಲಿನದಕ್ಕಿಂತ ಇನ್ನೂ ದಪ್ಪವಾಗೇ ಉಳಿಯುತ್ತದೆ. ಒಂದು ದೋಷ ಇದ್ದಲ್ಲಿ ಎರಡು ದೋಷ. ಓರೆಯನ್ನು ಪ್ರಮಾಣದಿಂದ ಸರಿಮಾಡಲು ಆಗುವುದಿಲ್ಲ.

ಸರಿಯಾದ ಕೆಲಸ ಬೇಸರ ತರಿಸುವಂಥದ್ದು, ಆದರೆ ಅದೇ ಮಾಡಬೇಕು. ನಾಝಲ್ ಬಿಚ್ಚಿ ಸಂದಿ ಪೂರ್ತಿ ತೊಳೆಯುವುದು. ಸವೆದ ಒಳಪೈಪು ಬದಲಿಸುವುದು. ವಾಟರ್ ಬಾಕ್ಸ್‌ನ ನಡುಗೆರೆಯನ್ನು ಕೊನೆಯ ಸ್ಟ್ಯಾಂಡ್‌ನ ಪಾಸ್ ಲೈನ್‌ಗೆ (ಕಂಬಿ ಸಾಗುವ ನೇರ ದಾರಿಗೆ) ಮತ್ತೆ ಕೂಡಿಸುವುದು. ಸ್ಟ್ರೈನರ್‌ನ ಜಾಲರಿ ಎಲ್ಲಾದರೂ ಹರಿದಿದೆಯೇ ನೋಡುವುದು, ಇಲ್ಲದಿದ್ದರೆ ಸ್ಕೇಲ್ ವಾಪಸ್ ಬರುತ್ತದೆ. ಆಮೇಲೆ, ಕಂಬಿ ಇಲ್ಲದೆ ಸುಮ್ನೆ ನೀರು ಬಿಟ್ಟು ಪ್ರತಿ ನಾಝಲ್‌ನ ಮುಂದೆ ನಿಂತು ನೋಡುವುದು. ನೀರಿನ ಶಂಕು ಸುತ್ತಲೂ ಒಡೆಯದೆ ತುಂಬಿ ಬರುತ್ತಿದೆಯೇ, ಎಲ್ಲಾದರೂ ಕಿತ್ತುಹೋಗಿದೆಯೇ? ಈ ಪರೀಕ್ಷೆಗೆ ಯಾವ ಉಪಕರಣವೂ ಬೇಕಿಲ್ಲ.

ಹಾಳೆ ಉಕ್ಕಿನ ಮಿಲ್‌ಗಳಲ್ಲೂ ಇದೇ ಪಾಡು, ರೂಪ ಬೇರೆ. ಅಲ್ಲಿ ರನ್‌ಔಟ್ ಟೇಬಲ್ ಮೇಲೆ ನೀರು ಸುರಿದು ಹಾಳೆಯನ್ನು ತಂಪು ಮಾಡಿ ಸುತ್ತುತ್ತಾರೆ. ಸುತ್ತುವ ಬಿಸಿ 600 ಡಿಗ್ರಿಯ ಮೇಲಿದ್ದರೆ ಮುಖ್ಯವಾಗಿ ಫೆರೈಟ್ ಮತ್ತು ಪರ್ಲೈಟ್, 450ರ ಆಸುಪಾಸಿಗೆ ಇಳಿದರೆ ಬೈನೈಟ್ ಕಡೆಗೆ. ಹಾಳೆಯ ಅಂಚು ನಡುವಿಗಿಂತ ಬೇಗ ತಂಪಾಗುತ್ತದೆ. ಹಾಗಾಗಿ ನಡುವಿನಿಂದ ತೆಗೆದ ಒಂದು ತುಂಡು ಇಡೀ ಅಗಲಕ್ಕೆ ಸಾಕ್ಷಿ ಹೇಳಲಾರದು.

ರಿಪೇರಿಯ ನಂತರ

ನೀರಿನ ಒಟ್ಟು ಹರಿವನ್ನು ಮುಟ್ಟಲಿಲ್ಲ. ಮೊದಲು ಎಷ್ಟಿತ್ತೋ ಅಷ್ಟೇ. ಬಿ ಸಾಲಿನ ಹೊಸ ಬಿಲ್ಲೆಯಲ್ಲಿ ಉಂಗುರ ನಾಲ್ಕೂ ಕಡೆ ಹತ್ತಿರ ಹತ್ತಿರ 1.2ಕ್ಕೆ ಬಂತು. ಕಂಬಿಗಳು ಬೆಡ್ ಮೇಲೆ ನೆಟ್ಟಗಾದವು. ಬೆಂಡ್ ಟೆಸ್ಟ್‌ನಲ್ಲಿ ಗುರುತನ್ನು ಹೊರಗಿಟ್ಟು ಬಗ್ಗಿಸಿದರೂ, ಒಳಗಿಟ್ಟು ಬಗ್ಗಿಸಿದರೂ ಬಿರುಕು ಇಲ್ಲ. ಯೀಲ್ಡ್ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಬದಲಾಗಬೇಕಾಗಿಯೂ ಇರಲಿಲ್ಲ, ಉಂಗುರದ ಪಾಲು ಮೊದಲಿನಷ್ಟೇ ಇದೆಯಲ್ಲ.

ತಪಾಸಣೆಯ ಹಾಳೆಯಲ್ಲಿ ಎರಡು ಸಣ್ಣ ಬದಲಾವಣೆ ಆಯಿತು. ಉಂಗುರದ ದಪ್ಪ ಬರೆಯುವ ಒಂದು ಖಾನೆಯ ಜಾಗದಲ್ಲಿ ಈಗ ನಾಲ್ಕು ಖಾನೆ, 12, 3, 6, 9. ಅವುಗಳಲ್ಲಿ ಅತಿ ದಪ್ಪಕ್ಕೂ ಅತಿ ತೆಳುವಿಗೂ ಇರುವ ವ್ಯತ್ಯಾಸಕ್ಕೆ ಐದನೆಯದು. ಇನ್ನೊಂದು, ಎರಡೂ ಸಾಲಿನ ಬಿಲ್ಲೆ ಬೇರೆ ಬೇರೆಯಾಗಿ, ಸಾಲಿನ ಹೆಸರು ಬರೆದೇ ಬರಬೇಕು. ಸೈಜ್ ಬದಲಿಸಿದಾಗ, ನಾಝಲ್ ಬಿಚ್ಚಿ ಹಾಕಿದಾಗ ಮೊದಲ ಕಂಬಿಯಿಂದಲೇ ಬಿಲ್ಲೆ ತೆಗೆಯುತ್ತಾರೆ. ಬೆಂಡ್ ಟೆಸ್ಟ್‌ಗೆ ತುಂಡು ಇಡುವಾಗ ಗುರುತು ಯಾವ ಕಡೆ ಇತ್ತು ಎಂದೂ ಬರೆಯುತ್ತಾರೆ.